ಅಪ್ಪನ ಫೋನಿಗೆ ಬಂದ ಒಟಿಪಿ

ತಾಲೂಕು ದವಾಖಾನಿಯ ಕೇಸ್ ಪೇಪರ್ ಕಿಟಕಿಯಲ್ಲಿ ಈಗ ಹೆಸರು, ಊರು, ವಯಸ್ಸಿನ ಜೊತೆಗೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: "ಮೊಬೈಲ್ ನಂಬರ್ ಹೇಳ್ರಿ, ಒಟಿಪಿ ಬರ್ತೈತಿ." ಬನಹಟ್ಟಿಯ ನೇಕಾರರ ಮನೆಯ ಹದಿನಾರರ ಹುಡುಗಿಯೊಬ್ಬಳು ಆ ಕಿಟಕಿಯ ಮುಂದೆ ನಿಂತಿದ್ದಾಳೆ ಎಂದುಕೊಳ್ಳಿ. ಎರಡು ತಿಂಗಳಿಂದ ಮುಟ್ಟಾಗಿಲ್ಲ. ಕಾರಣ ರಕ್ತ ಕಡಿಮೆ ಇರುವುದಿರಬಹುದು, ಥೈರಾಯ್ಡ್ ಇರಬಹುದು, ಬೇರೇನೋ ಇರಬಹುದು. ಅದನ್ನು ಕೇಳಲಿಕ್ಕೇ ಬಂದಿದ್ದಾಳೆ. ಮನೆಗೆಲ್ಲ ಇರುವುದು ಒಂದೇ ಫೋನು, ಅದು ಅಪ್ಪನದು. ಒಟಿಪಿ ಹೋದದ್ದು ಮಗ್ಗದ ಪಕ್ಕದ ಗೂಡಿನಲ್ಲಿಟ್ಟ ಆ ಫೋನಿಗೆ. ಗೆಳತಿಯ ಫೋನಿನಿಂದ ಮನೆಗೆ ಕರೆ ಮಾಡುತ್ತಾಳೆ. ಎತ್ತಿದವನು ಅಣ್ಣ. "ಒಂದ್ ನಂಬರ್ ಬಂದೈತಿ ನೋಡಣ್ಣಾ, ಹೇಳು." ಅಣ್ಣ ನಂಬರು ಹೇಳುವುದಿಲ್ಲ. "ನೀ ದವಾಖಾನಿಗೆ ಯಾಕ ಹೋಗೀದಿ?" ಎನ್ನುತ್ತಾನೆ.

ಡಾಕ್ಟರ ಮುಖ ಕಾಣುವ ಮೊದಲೇ ಅವಳ ಗುಟ್ಟು ಮನೆ ಸೇರಿತು.

ಇದನ್ನು ಹೇಳಿದರೆ ನಮ್ಮ ಕಡೆಯ ಓದಿದ ಮಂದಿ ನಗುತ್ತಾರೆ. ಜಮಖಂಡಿಯ ಡಾಕ್ಟರಿರಲಿ, ಮುಧೋಳದ ವಕೀಲರಿರಲಿ, ಬೀಳಗಿಯ ಹೆಡ್‌ಮಾಸ್ತರಿರಲಿ, ಎಲ್ಲರ ಬಾಯಲ್ಲೂ ಒಂದೇ ಮಾತು: ಮಗಳ ವಿಷಯ ಅಪ್ಪನಿಗೆ ಗೊತ್ತಾದರೆ ತಪ್ಪೇನು? ಮಕ್ಕಳಿಗೆ ಎಂಥಾ ಖಾಸಗಿ, ಎಂಥಾ ಗೌಪ್ಯ? ಅದೆಲ್ಲ ಬೆಂಗಳೂರು, ಅಮೆರಿಕದ ಮಂದಿಯ ಮಾತು. ನಮ್ಮ ಮನೆಗಳಲ್ಲಿ ಗುಟ್ಟು ಅನ್ನೋದೇ ಇಲ್ಲ. ಈ ಮಾತು ಎಷ್ಟು ಸಲೀಸಾಗಿ ಹೊರಳುತ್ತದೆಂದರೆ, ಯಾರೂ ಅದನ್ನು ತಿರುಗಿಸಿ ನೋಡುವುದಿಲ್ಲ. ನಾನು ತಿರುಗಿಸಿ ನೋಡಿದ್ದೇನೆ. ಈ ಮಾತು ಪೂರಾ ಸುಳ್ಳು, ಮತ್ತು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಂಬ ಈ ನಾಲ್ಕು ತಾಲೂಕುಗಳಲ್ಲಿ ಅದನ್ನು ಹೇಳುವುದಕ್ಕೆ ನಾಚಿಕೆಯಾಗಬೇಕು.

ನಾಚಿಕೆ ಯಾಕೆ ಎಂದರೆ, ಮಕ್ಕಳ ಕಾಯಿಲೆಯ ದಾಖಲೆ ಏನು ಮಾಡಬಲ್ಲದು ಎಂಬುದನ್ನು ನಮ್ಮಷ್ಟು ಹತ್ತಿರದಿಂದ ನೋಡಿದವರು ರಾಜ್ಯದಲ್ಲೇ ಕಡಿಮೆ. 2000ರ ದಶಕದ ಆರಂಭದಲ್ಲಿ ಬಾಗಲಕೋಟೆ ಜಿಲ್ಲೆಯ ಹೆಸರು ದೇಶದ ಎಚ್‌ಐವಿ ನಕ್ಷೆಯ ಮೇಲೆ ಕೆಂಪಾಗಿತ್ತು. ಭಾರತ-ಕೆನಡಾ ಸಹಯೋಗದ ಯೋಜನೆ ಇಲ್ಲಿಗೆ ಬಂದದ್ದು ಅದಕ್ಕಾಗಿಯೇ. ಆ ಹೊತ್ತಿನಲ್ಲಿ ಜಿಲ್ಲೆಯ ಹಳ್ಳಿ-ಪಟ್ಟಣಗಳ ಸಾಮಾನ್ಯ ಮಂದಿಯ ರಕ್ತ ಪರೀಕ್ಷಿಸಿದ ಸಮೀಕ್ಷೆಯೊಂದು 2007ರಲ್ಲಿ ಪ್ರಕಟವಾಯಿತು. ಹದಿನೈದರಿಂದ ನಲವತ್ತೊಂಬತ್ತರ ವಯಸ್ಸಿನವರಲ್ಲಿ ಶೇ 2.9 ಜನರಿಗೆ ಸೋಂಕಿತ್ತು. ಸಂಖ್ಯೆ ಸಣ್ಣದೆನಿಸಿದರೆ ಮೂವತ್ತೈದು ದೊಡ್ಡವರಿರುವ ಒಂದು ಓಣಿಯನ್ನು ನೆನೆಸಿಕೊಳ್ಳಿ, ಅದರಲ್ಲಿ ಒಬ್ಬರು. ಇದರ ಹಿಂದೆ ಬಡತನವಿತ್ತು, ದುಡಿಯಲು ಮಹಾರಾಷ್ಟ್ರಕ್ಕೆ ಹೋಗಿ ಬರುವ ದಾರಿಯಿತ್ತು, 1982ರ ಕಾಯ್ದೆ ನಿಷೇಧಿಸಿದ ಮೇಲೂ ನಿಲ್ಲದ ದೇವದಾಸಿ ಪದ್ಧತಿಯಿತ್ತು. ಎಚ್‌ಐವಿಯನ್ನು ಹತ್ತಿಕ್ಕುವ, ಸರಕಾರದ ಉಚಿತ ಎಆರ್‌ಟಿ ಔಷಧ ದೇಶದಲ್ಲಿ ಶುರುವಾದದ್ದು 2004ರ ಏಪ್ರಿಲ್ 1ರಂದು. ಮಕ್ಕಳಿಗೆಂದೇ ಕಾರ್ಯಕ್ರಮ ಬಂದದ್ದು 2006ರ ನವೆಂಬರಿನಲ್ಲಿ. ಆ ಔಷಧದಿಂದ ಬದುಕಿದ ಕೂಸುಗಳು ಈಗ ಕಾಲೇಜಿನಲ್ಲಿವೆ, ಮಗ್ಗದ ಮುಂದಿವೆ, ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿವೆ.

ಆ ಮಕ್ಕಳನ್ನು ಬೆಳೆಸಿದ ಅಜ್ಜಿಯರು ಎಆರ್‌ಟಿ ಕೇಂದ್ರದಲ್ಲಿ ಹೇಳುತ್ತಿದ್ದ ಮಾತು ಅಲ್ಲಿ ಕೆಲಸ ಮಾಡಿದ ಯಾರಿಗಾದರೂ ನೆನಪಿದ್ದೀತು: "ಅಂವಗ ಹೇಳಬ್ಯಾಡ್ರಿ ಯವ್ವಾ. ಶಕ್ತಿ ಗುಳಿಗಿ ಅಂತ ಹೇಳೀವ್ರಿ." ಹುಡುಗ ಶಕ್ತಿ ಗುಳಿಗಿ ಎಂದೇ ನುಂಗುತ್ತಾನೆ. ಎಂಟರಲ್ಲಿ ನುಂಗಿದ, ಹತ್ತರಲ್ಲಿ ನುಂಗಿದ. ಹದಿಮೂರಕ್ಕೆ ಅವನಿಗೆ ಮೈಯಲ್ಲಿ ಶಕ್ತಿ ಬಂದಂತೆನಿಸುತ್ತದೆ. ಇನ್ನು ಶಕ್ತಿ ಗುಳಿಗಿ ಯಾಕೆ ಎಂದು ಬಿಡುತ್ತಾನೆ. ಗುಳಿಗಿ ಬಿಟ್ಟರೆ ವೈರಸ್ಸು ಮತ್ತೆ ಏಳುತ್ತದೆ, ಹಳೆಯ ಔಷಧಕ್ಕೆ ಬಗ್ಗದಂತೆ ಏಳುತ್ತದೆ. ಇಷ್ಟರ ಮಧ್ಯೆ ಅವನ ಕಾಯಿಲೆಯ ಹೆಸರು ಯಾರಿಗೆಲ್ಲ ಗೊತ್ತಿತ್ತು? ಅಜ್ಜಿಗೆ, ಸೋದರಮಾವನಿಗೆ, ಮಾವನ ಹೆಂಡತಿಗೆ, ಹಾಸ್ಟೆಲ್ ವಾರ್ಡನ್ನಿಗೆ. ಕೇಂದ್ರದ ಗ್ರೀನ್ ಬುಕ್ಕನ್ನು ದೂರದಿಂದಲೇ ಗುರುತಿಸಬಲ್ಲ ಬಸ್ ಸ್ಟ್ಯಾಂಡಿನ ಪರಿಚಯದವನಿಗೂ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಒಬ್ಬನಿಗೇ, ಆ ಪುಸ್ತಕದ ಮೇಲೆ ಯಾರ ಹೆಸರಿತ್ತೋ ಅವನಿಗೆ.

ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲೇ ಸ್ಪಷ್ಟವಾಗಿ ಹೇಳಿತು: ಶಾಲೆಗೆ ಹೋಗುವ ವಯಸ್ಸಿನ ಮಗುವಿಗೆ ತನ್ನ ಎಚ್‌ಐವಿ ಸ್ಥಿತಿಯನ್ನು ತಿಳಿಸಬೇಕು, ಅದಕ್ಕಿಂತ ಚಿಕ್ಕವರಿಗೆ ವಯಸ್ಸಿಗೆ ತಕ್ಕಂತೆ ತುಸುತುಸುವಾಗಿ ಹೇಳುತ್ತ ಬರಬೇಕು. ನಮ್ಮಲ್ಲಿ ಆದದ್ದು ತಿರುಗಾಮುರುಗಾ. ಮಗುವಿಗೆ ಮುಚ್ಚಿಟ್ಟೆವು, ಊರಿಗೆ ಬಿಚ್ಚಿಟ್ಟೆವು. 'ನಮ್ಮ ಮನೆಗಳಲ್ಲಿ ಗುಟ್ಟಿಲ್ಲ' ಎನ್ನುವವರು ದಯವಿಟ್ಟು ಈ ಲೆಕ್ಕ ನೋಡಲಿ. ಗುಟ್ಟು ಇದ್ದೇ ಇತ್ತು. ಅದನ್ನು ಯಾರಿಂದ ಮುಚ್ಚಿಡಬೇಕು ಎಂಬುದರಲ್ಲಿ ಮಾತ್ರ ನಾವು ತಪ್ಪಿದೆವು.

ಅಂದಹಾಗೆ, ಗುಟ್ಟಿಲ್ಲದ ಈ ಮನೆಗಳು ಹೆಣ್ಣು ನೋಡುವ ದಿನ ಏನು ಮಾಡುತ್ತವೆ? ಮಗಳಿಗೆ ಬಾಲ್ಯದಲ್ಲಿ ಮೂರ್ಛೆ ರೋಗವಿತ್ತು ಎಂಬುದನ್ನು ಬೀಗರ ಕಿವಿಗೆ ಹಾಕುತ್ತವೆಯೇ? ಬೆನ್ನ ಮೇಲಿನ ತೊನ್ನಿನ ಕಲೆ, ಟಿಬಿಗೆ ನುಂಗಿದ ಆರು ತಿಂಗಳ ಗುಳಿಗಿ, ಒಮ್ಮೆ ಮಾನಸಿಕ ತಜ್ಞರ ಹತ್ತಿರ ಹೋಗಿ ಬಂದದ್ದು, ಇವೆಲ್ಲ ಎಲ್ಲಿ ಹೋಗುತ್ತವೆ? ಟ್ರಂಕಿನ ತಳದಲ್ಲಿ, ಸೀರೆಯ ಕೆಳಗೆ, ಪ್ಲಾಸ್ಟಿಕ್ ಚೀಲದಲ್ಲಿ. ಆ ದಿನ ಗೌಪ್ಯತೆ ಮನೆತನದ ಮಾನವಾಗುತ್ತದೆ. ಅದೇ ಮಗಳು 'ನನ್ನ ರಿಪೋರ್ಟ್ ನನಗ ತೋರಸ್ರಿ, ಅಣ್ಣಗ ಬ್ಯಾಡ' ಎಂದರೆ ಮಾತ್ರ ಅದು ಪಾಶ್ಚಾತ್ಯರ ಹುಚ್ಚು. ಮನೆತನಕ್ಕೆ ಇರುವ ಹಕ್ಕು ಮೈಯ ಒಡತಿಗೆ ಇಲ್ಲವಂತೆ.

ಇನ್ನು ಪಾಶ್ಚಾತ್ಯ ಎಂಬ ಮಾತು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ ತೀರ್ಪು ಯಾರ ಹೆಸರಿನಲ್ಲಿದೆ? ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾಗಿದ್ದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿನಲ್ಲಿ. ಆಧಾರ್ ವಿರುದ್ಧ ಅವರು ಅರ್ಜಿ ಹಾಕಿದ್ದು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ. ಕನ್ನಡದ ಒಬ್ಬ ಮುದುಕ ದೇಶಕ್ಕೆ ಗಳಿಸಿಕೊಟ್ಟದ್ದನ್ನು ಜಮಖಂಡಿಯಲ್ಲಿ ಕೂತು ಅಮೆರಿಕದ್ದು ಅನ್ನುವುದು ಅಜ್ಞಾನವೋ ಜಾಣತನವೋ, ಓದುಗರೇ ಹೇಳಲಿ.

"ಅಲ್ರೀ, ಅವಕ್ಕ ತಿಳಿಯೂದಿಲ್ಲ" ಎಂಬುದು ಮುಂದಿನ ಮಾತು. ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರಿಸುವುದು ಇದೇ. ನಮ್ಮ ಮನೆಗಳಲ್ಲಿ ಈಗ ಓದಿ ಹೇಳುವವರು ಯಾರು? ಬೆಳೆ ವಿಮೆಯ ಮೆಸೇಜು ಓದುವವಳು ಒಂಬತ್ತನೆಯ ಇಯತ್ತೆಯ ಮಗಳು. ಫೋನ್‌ಪೇಯಲ್ಲಿ ಕಬ್ಬಿನ ಗ್ಯಾಂಗಿನ ಮುಕಾದಮನಿಗೆ ದುಡ್ಡು ಹಾಕುವವನು ಹತ್ತನೆಯ ಇಯತ್ತೆಯ ಮಗ. ವಿದ್ಯಾರ್ಥಿವೇತನದ ಅರ್ಜಿ, ರೇಷನ್ ಕಾರ್ಡಿನ ಇ-ಕೆವೈಸಿ, ಅಜ್ಜನ ಬಿಪಿ ಗುಳಿಗಿಯನ್ನು ಊಟದ ಮೊದಲೋ ಆಮೇಲೋ ನುಂಗಬೇಕೆಂದು ಚೀಟಿ ನೋಡಿ ಹೇಳುವುದು, ಎಲ್ಲ ಆ ಮಕ್ಕಳದೇ ಕೆಲಸ. ಇಡೀ ಮನೆಯ ಕಾಗದ ಓದಬಲ್ಲ ಮಗುವಿಗೆ ತನ್ನ ಹಿಮೋಗ್ಲೋಬಿನ್ ಎಷ್ಟೆಂದು ಓದಲು ಬರುವುದಿಲ್ಲವೇ?

ಹನ್ನೆರಡರ ವಯಸ್ಸಿನಲ್ಲಿ ನನ್ನನ್ನು ಮಿರಜಿನ ಒಂದು ದವಾಖಾನೆಗೆ ಕರೆದೊಯ್ದಿದ್ದರು. ದೊಡ್ಡ ಕಾಯಿಲೆ ಎಂದರೆ ಮಿರಜಿಗೆ ಹೋಗುವುದು ಆಗ ನಮ್ಮ ಕಡೆಯ ರೂಢಿ. ಎಕ್ಸ್‌ರೇ ಇದ್ದ ಚೀಲ ಕಾಕಾನ ಬಗಲಲ್ಲಿ. ಡಾಕ್ಟರು ಕಾಕಾನೊಂದಿಗೆ ಮರಾಠಿಯಲ್ಲಿ ಮಾತಾಡಿದರು, ಜೊತೆಗಿದ್ದವರೊಡನೆ ಇಂಗ್ಲಿಷಿನಲ್ಲಿ ಮಾತಾಡಿದರು. ನನಗೆ ಹೇಳಿದ್ದು ಒಂದೇ ಮಾತು: ನಾಲಗೆ ಚಾಚು. ಎದೆ ನನ್ನದು, ಆದರೆ ಅದರಲ್ಲಿ ಏನಿತ್ತೆಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಅಷ್ಟು ದಿನ ನಾನು ಸಾಯುತ್ತೇನೆ ಎಂದೇ ಅಂದುಕೊಂಡಿದ್ದೆ. ಹೇಳದೆ ಇದ್ದದ್ದರಿಂದ ನನ್ನ ಹೆದರಿಕೆ ಕಡಿಮೆಯಾಗಲಿಲ್ಲ, ಅದಕ್ಕೊಂದು ಹೆಸರು ಮಾತ್ರ ಇರಲಿಲ್ಲ.

ಕಾನೂನಿನ ಮಾತು ತೆಗೆಯುವವರೂ ಇದ್ದಾರೆ: ಹದಿನೆಂಟು ತುಂಬುವ ತನಕ ಪಾಲಕರೇ ಎಲ್ಲ, ಮುಗೀತು. ಮುಗಿಯುವುದಿಲ್ಲ. ಶಸ್ತ್ರಚಿಕಿತ್ಸೆಗೆ, ಗರ್ಭಪಾತಕ್ಕೆ ಹದಿನೆಂಟರ ಕೆಳಗಿನವರಿಗೆ ಪಾಲಕರ ಒಪ್ಪಿಗೆ ಬೇಕೆಂಬುದು ನಿಜ. ಆದರೆ ಭಾರತೀಯ ನ್ಯಾಯ ಸಂಹಿತೆಯ 28ನೆಯ ಕಲಮು ಒಪ್ಪಿಗೆಯಲ್ಲ ಎನ್ನುವುದು ಹನ್ನೆರಡರ ಕೆಳಗಿನ ಮಗುವಿನ ಒಪ್ಪಿಗೆಯನ್ನು. ಹಳೆಯ ದಂಡ ಸಂಹಿತೆಯ ಕಾಲದಿಂದಲೂ ಗೆರೆ ಅಲ್ಲೇ ಇದೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ-ಏಡ್ಸ್ ಕಾಯ್ದೆಯ 32ನೆಯ ಕಲಮು ಇನ್ನೂ ಮುಂದೆ ಹೋಗುತ್ತದೆ. ಎಚ್‌ಐವಿ ಬಾಧಿತ ಮನೆಯನ್ನು ನಡೆಸುತ್ತಿರುವ, ತಿಳಿವಳಿಕೆಯಿರುವ, ಹನ್ನೆರಡು ತುಂಬಿದ ಮಗು ತನ್ನ ತಮ್ಮ-ತಂಗಿಯರ ಪಾಲಕನಾಗಬಹುದು. ಶಾಲೆಗೆ ಸೇರಿಸಬಹುದು, ಚಿಕಿತ್ಸೆ ಕೊಡಿಸಬಹುದು, ಬ್ಯಾಂಕ್ ಖಾತೆ ನಡೆಸಬಹುದು. ತಮ್ಮನ ಚಿಕಿತ್ಸೆಯನ್ನು ನೋಡಿಕೊಳ್ಳಲು ಸಂಸತ್ತು ನಂಬಿದ ಹುಡುಗಿಯನ್ನು ಅವಳದೇ ರಿಪೋರ್ಟಿನ ವಿಷಯದಲ್ಲಿ ನಾವು ನಂಬುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಹದಿನೆಂಟರ ಕೆಳಗಿನವರೆಲ್ಲರನ್ನೂ ಒಂದೇ ಬುಟ್ಟಿಗೆ ಹಾಕಿ ಪಾಲಕರ ಒಪ್ಪಿಗೆ ಕೇಳುತ್ತದೆ ಎಂಬ ಆಕ್ಷೇಪ ಸರಿಯೇ, ಆ ಕಾಯ್ದೆಯ ಮೇಲೆ ನನ್ನ ದೂರೂ ಅದೇ. ಆದರೂ 2025ರ ನವೆಂಬರಿನಲ್ಲಿ ಬಂದ ನಿಯಮಗಳು ಮಗುವಿನ ಆರೋಗ್ಯ ಕಾಯಲು ಬೇಕಾದಷ್ಟರ ಮಟ್ಟಿಗೆ ಆಸ್ಪತ್ರೆಗಳಿಗೆ, ವೈದ್ಯರಿಗೆ ಈ ಷರತ್ತಿನಿಂದ ವಿನಾಯಿತಿ ಕೊಟ್ಟಿವೆ. ಬಾಗಿಲು ತೆರೆದಿದೆ, ಒಳಗೆ ಹೆಜ್ಜೆ ಇಡುವ ಮನಸ್ಸು ಬೇಕು.

ಕಂಪ್ಯೂಟರ್ ಬಂದ ಮೇಲೆ ಎಲ್ಲ ಸರಿಹೋಯಿತು, ಪಾಸ್‌ವರ್ಡ್ ಇದೆಯಲ್ಲ ಎನ್ನುವ ಸಮಾಧಾನವನ್ನೂ ನಾನು ಒಪ್ಪಲಾರೆ. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರ್ 27ರಂದು ದೇಶಕ್ಕೆಲ್ಲ ಬಂತು. ಪ್ರತಿಯೊಬ್ಬರಿಗೂ ಹದಿನಾಲ್ಕು ಅಂಕಿಯ ಆಭಾ ಸಂಖ್ಯೆ, ಪ್ರತಿ ದವಾಖಾನಿಯ ಕಾಗದ ಒಂದೇ ದಾರಕ್ಕೆ ಪೋಣಿಸಿದ ಹಾರ. ಒಳ್ಳೆಯ ಯೋಜನೆ, ಹುಡುಗ ದುಡಿಯಲು ಇಚಲಕರಂಜಿಗೆ ಹೋದರೂ ಅವನ ಹಿಂದಿನ ಚಿಕಿತ್ಸೆಯ ವಿವರ ಜೊತೆಗೆ ಹೋಗಬೇಕಾದ್ದೇ. ಆದರೆ ಅದರ ಕೀಲಿಕೈ ಮೊಬೈಲ್ ನಂಬರು. ಒಂದೇ ನಂಬರಿಗೆ ಮನೆಮಂದಿಯ ಆಭಾ ಎಲ್ಲ ಜೋಡಿಸಿದ್ದರೆ, ಆ ಫೋನ್ ಹಿಡಿದವನ ಮುಂದೆ ಅಷ್ಟೂ ಹೆಸರುಗಳ ಪಟ್ಟಿ ತೆರೆದುಕೊಳ್ಳುತ್ತದೆ, ಯಾರದು ಬೇಕೋ ಒತ್ತಿ ನೋಡಬಹುದು. ದೆಹಲಿಯಲ್ಲಿ ಕೂತು ಇದನ್ನು ಕಟ್ಟಿದವರ ಕಣ್ಣಿನಲ್ಲಿ ಒಬ್ಬ ಮನುಷ್ಯನಿಗೆ ಒಂದು ಫೋನು. ರಬಕವಿಯ ಓಣಿಯಲ್ಲಿ ಒಂದು ಮನೆಗೆ ಒಂದು ಫೋನು. ಹ್ಯಾಕರ್ ಎಂಬವನು ಚೀನಾದಿಂದ ಬರುತ್ತಾನೆಂದು ಇವರು ಕಾವಲು ಕಾಯುತ್ತಿದ್ದಾರೆ. ನಮ್ಮ ಹುಡುಗಿಯ ಹ್ಯಾಕರ್ ಅವಳ ಅಣ್ಣ. ಇಲ್ಲವೇ ಲ್ಯಾಬಿನ ಕಿಟಕಿಯಿಂದ 'ಐಸಿಟಿಸಿ ರಿಪೋರ್ಟ್ ಯಾರದ್ರೀ?' ಎಂದು ಎಚ್‌ಐವಿ ಪರೀಕ್ಷಾ ಕೇಂದ್ರದ ಹೆಸರು ಹಿಡಿದು ಕೂಗುವ ದನಿ, ಇಲ್ಲವೇ ಪ್ರಿಂಟ್ ತೆಗೆಸಲು ಹೋದ ಝೆರಾಕ್ಸ್ ಅಂಗಡಿಯ ಪರದೆ.

ಬಡ ಊರಿನ ತೊಂದರೆ ಇದು ಎಂದೂ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಹದಿಹರೆಯದವರಿಗೆಂದೇ ಆಸ್ಪತ್ರೆಗಳು ಪ್ರತ್ಯೇಕ ಆನ್‌ಲೈನ್ ಖಾತೆ ಕೊಟ್ಟವು. ಮೂರು ಆಸ್ಪತ್ರೆಗಳಲ್ಲಿ ಆ ಖಾತೆಗಳಿಂದ ಹೋದ ಸಂದೇಶಗಳನ್ನು ಓದಿ ನೋಡಿದ ಸಂಶೋಧಕರಿಗೆ 2021ರಲ್ಲಿ ಕಂಡದ್ದೇನು? ಹಾಗೆ ಸಂದೇಶ ಹೋದ ಖಾತೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಮಗುವಿನ ಹೆಸರಿನಲ್ಲಿ ಕೂತು ಬರೆಯುತ್ತಿದ್ದವರು ತಂದೆತಾಯಿ. ಬೀಗ ಹಾಕಿ ಕೀಲಿಕೈಯನ್ನು ಅಪ್ಪನ ಜೇಬಿಗೆ ಹಾಕಿದರೆ ಎಲ್ಲಿಯಾದರೂ ಆಗುವುದು ಇದೇ.

ಗುಟ್ಟು ಉಳಿಯುವುದಿಲ್ಲ ಎಂದು ಗೊತ್ತಾದ ಮಕ್ಕಳು ಏನು ಮಾಡುತ್ತಾರೆ? ಸುಳ್ಳು ಹೇಳುತ್ತಾರೆ. ಇದರ ಪೆಟ್ಟು ಬೀಳುವುದು ಯಾರ ಮೇಲೆ ಎಂಬುದನ್ನು 'ಪಾಲಕರಿಗೆ ಗೊತ್ತಿರಬೇಕು' ಎನ್ನುವವರು ಯೋಚಿಸಿದಂತೆ ಕಾಣುವುದಿಲ್ಲ. ಹದಿಹರೆಯದವರಿಗಾಗಿ 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಹತ್ತರಿಂದ ಹತ್ತೊಂಬತ್ತರವರಿಗೆ. ಸರಕಾರಿ ಆಸ್ಪತ್ರೆಗಳಲ್ಲಿ ಅವರಿಗೆಂದೇ ಸ್ನೇಹ ಕ್ಲಿನಿಕ್ ಇದೆ. ಹೆಸರು ಚೆನ್ನಾಗಿದೆ. ಆದರೆ ಒಳಗೆ ಹೋದ ಹುಡುಗಿಯ ಜೊತೆ ಅವ್ವ, ಅವ್ವನ ಜೊತೆ ಅತ್ತಿ. ಎಎನ್‌ಎಂ ಕೇಳುವ ಪ್ರಶ್ನೆಗೆ ಉತ್ತರ ಹೇಳುವವಳು ಅತ್ತಿ. ಆ ಉತ್ತರವೇ ಕಂಪ್ಯೂಟರಿಗೆ ಹೋಗುತ್ತದೆ. ಇನ್ನು ಸಣ್ಣ ವಯಸ್ಸಿಗೇ ಮದುವೆಯಾದವರ ಮಾತು ಕೇಳಲೇಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಇಪ್ಪತ್ತರಿಂದ ಇಪ್ಪತ್ನಾಲ್ಕರ ಹೆಣ್ಣುಮಕ್ಕಳಲ್ಲಿ ಶೇ 21.3 ಜನರ ಮದುವೆ ಹದಿನೆಂಟರ ಒಳಗೇ ಆಗಿತ್ತು. ಆ ವಯಸ್ಸಿನಲ್ಲಿ ಬಸುರಿಯಾದವಳ 'ತಾಯಿ ಕಾರ್ಡ್'ನಲ್ಲಿ ವಯಸ್ಸು ಹತ್ತೊಂಬತ್ತು ಎಂದು ಬರೆಸುವುದು ಯಾರಿಗೂ ಹೊಸತಲ್ಲ, ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಪೋಕ್ಸೊ ಕಾಯ್ದೆಯಡಿ ವಿಷಯ ಪೊಲೀಸರಿಗೆ ಹೋದೀತೆಂಬ ಹೆದರಿಕೆ. ಹದಿನಾರರ ಗರ್ಭಿಣಿಗೆ ಬೇಕಾದ ಎಚ್ಚರ ಹತ್ತೊಂಬತ್ತು ಎಂದು ಬರೆದ ಕಾರ್ಡಿಗೆ ಸಿಗುವುದಿಲ್ಲ. ಸುಪ್ರೀಂ ಕೋರ್ಟು 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಇದಕ್ಕೊಂದು ಸಣ್ಣ ಕಿಂಡಿ ಬಿಟ್ಟಿತು. ಗರ್ಭಪಾತಕ್ಕೆ ಬಂದ ಅಪ್ರಾಪ್ತೆಯೂ ಅವಳ ಪಾಲಕರೂ ಕೇಳಿಕೊಂಡರೆ, ವೈದ್ಯರು ಪೊಲೀಸರಿಗೆ ಮಾಹಿತಿ ಕೊಡುವಾಗ ಅವಳ ಹೆಸರು, ಗುರುತು ಹೇಳಬೇಕಿಲ್ಲ. ಆ ತೀರ್ಪು ದೆಹಲಿಯಿಂದ ನಮ್ಮ ತಾಲೂಕು ದವಾಖಾನಿಯ ಟೇಬಲ್ಲಿಗೆ ಇನ್ನೂ ಬಂದು ಮುಟ್ಟಬೇಕಾಗಿದೆ ಎಂಬುದು ನನ್ನ ಅನಿಸಿಕೆ.

ಒಂದು ಆಕ್ಷೇಪಕ್ಕೆ ಮಾತ್ರ ನಾನು ತಲೆಬಾಗುತ್ತೇನೆ. ತಂದೆತಾಯಿಗೆ ಗೊತ್ತಿಲ್ಲದೆ ಮಗುವನ್ನು ಸಾಕಲಾಗದು. ಸಕ್ಕರೆ ಕಾಯಿಲೆಯ ಮಗುವಿಗೆ ರಾತ್ರಿ ಸೂಜಿ ಮಾಡುವವಳು ಅವ್ವನೇ. ಸಾಯುವ ಮಾತಾಡುವ ಹುಡುಗನ ಗುಟ್ಟನ್ನು ಡಾಕ್ಟರು ಹೊಟ್ಟೆಯಲ್ಲಿಟ್ಟುಕೊಂಡು ಕೂತರೆ ಅದು ಪಾಪ. ಮನೆಯೊಳಗಿನವರೇ ಮೈಮುಟ್ಟುತ್ತಿದ್ದಾರೆ ಎಂದು ಹೇಳಿಕೊಂಡವಳ ಗುಟ್ಟೂ ಹಾಗೆಯೇ, ಹೊರಗೆ ಬರಲೇಬೇಕು. ಆದರೆ ಈ ಮೂರನೆಯದನ್ನು ಒಮ್ಮೆ ನೋಡಿ: ದಾಖಲೆಯನ್ನು ಕಣ್ಣುಮುಚ್ಚಿ ಮನೆಯ ಫೋನಿಗೆ ಕಳಿಸಿದರೆ ಅದು ತಲುಪುವುದು ಯಾರ ಕೈಗೆ? ತಂದೆತಾಯಿಯ ಪರವಾಗಿ ವಾದಿಸುವವರು ಇದಕ್ಕೆ ಉತ್ತರ ಕೊಟ್ಟದ್ದನ್ನು ನಾನು ಕೇಳಿಲ್ಲ.

ನಮ್ಮ ಹೊಸ ಉತ್ಸಾಹಿಗಳಿಗೂ ಒಂದು ಮಾತು. ಎಲ್ಲ ರಿಪೋರ್ಟನ್ನೂ ನೇರ ಮಗುವಿನ ಆ್ಯಪಿಗೆ ಬಿಟ್ಟುಬಿಡಿ, ಅದೇ ಸಬಲೀಕರಣ ಎನ್ನುತ್ತೀರಿ. ರಾತ್ರಿ ಒಂಬತ್ತಕ್ಕೆ ಹಾಸ್ಟೆಲ್ಲಿನ ಮಂಚದ ಮೇಲೆ ಕೂತ ಹುಡುಗನ ಪರದೆಯಲ್ಲಿ 'ರಿಯಾಕ್ಟಿವ್' (ಸೋಂಕಿನ ಸುಳಿವಿದೆ) ಎಂಬ ಒಂದು ಶಬ್ದ ಮೂಡಿದರೆ ಅವನ ಪಕ್ಕ ಯಾರಿರುತ್ತಾರೆ? ಎಚ್‌ಐವಿ ಪರೀಕ್ಷೆಯ ಮೊದಲೂ ಆಮೇಲೂ ಆಪ್ತಸಮಾಲೋಚನೆ ಇರಬೇಕೆಂಬುದು ಸುಮ್ಮನೆ ಮಾಡಿದ ನಿಯಮವಲ್ಲ. ತೋರಿಸುವುದೆಂದರೆ ಎದುರಿಗೆ ಕೂತು ತೋರಿಸುವುದು, ಅವನ ಭಾಷೆಯಲ್ಲಿ, ಅವನು ಕೇಳಿದಷ್ಟು, ಮರುವಾರ ಮತ್ತೊಮ್ಮೆ.

ಇದಕ್ಕೆ ಕೋಟಿ ರೂಪಾಯಿ ಬೇಡ. ಹನ್ನೆರಡು ದಾಟಿದ ಪ್ರತಿ ಮಗುವಿನೊಂದಿಗೆ ಡಾಕ್ಟರು ಹತ್ತು ನಿಮಿಷ ಒಂಟಿಯಾಗಿ ಮಾತಾಡುವುದು ದವಾಖಾನಿಯ ಪದ್ಧತಿಯಾಗಲಿ, ಎಲ್ಲರಿಗೂ ಒಂದೇ, ಯಾರಿಗೂ ಅನುಮಾನ ಬಾರದಂತೆ. ಆ ಹತ್ತು ನಿಮಿಷದ ಟಿಪ್ಪಣಿ ಕಂಪ್ಯೂಟರಿನಲ್ಲಿ ಬೇರೆ ಪುಟದಲ್ಲಿರಲಿ. ಲಸಿಕೆ, ತೂಕ, ಅಲರ್ಜಿ, ಔಷಧದ ಪುಟ ಪಾಲಕರ ಫೋನಿಗೆ ಹೋಗಲಿ, ಈ ಟಿಪ್ಪಣಿ ಹೋಗುವುದು ಬೇಡ. ಫೋನಿಲ್ಲದ ಮಗುವಿಗೆ ದವಾಖಾನಿಯಲ್ಲೇ, ಒಂದು ಮೂಲೆಯ ಪರದೆಯಲ್ಲಿ ತನ್ನ ಪುಟ ನೋಡಲು ಸಿಗಲಿ. ಮನೆಗೆ ಹೋಗುವ ಎಸ್‌ಎಂಎಸ್‌ನಲ್ಲಿ ವಿಭಾಗದ ಹೆಸರು, ಪರೀಕ್ಷೆಯ ಹೆಸರು ಬೇಡ. 'ಮಂಗಳವಾರ ಬನ್ನಿ' ಎಂದಷ್ಟೇ ಸಾಕು. ಕಿಟಕಿಯಲ್ಲಿ ಹೆಸರು ಕೂಗುವ ಬದಲು ಚೀಟಿಯ ನಂಬರು ಕೂಗಲಿ. ರೋಗಿ ತನ್ನ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮ ಹೇಳಿ ಇಪ್ಪತ್ತು ವರ್ಷದ ಮೇಲಾಯಿತು. ರೋಗಿ ಎಂಬ ಶಬ್ದಕ್ಕೆ ಮೀಸೆ ಬಂದಿರಬೇಕೆಂದು ಅದರಲ್ಲಿ ಎಲ್ಲೂ ಬರೆದಿಲ್ಲ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ತಂದೆತಾಯಂದಿರಲ್ಲಿ ನನ್ನದೊಂದೇ ವಿನಂತಿ. ಮುಂದಿನ ಸಲ ಮಗನನ್ನೋ ಮಗಳನ್ನೋ ಕರೆದುಕೊಂಡು ಹೋದಾಗ ಡಾಕ್ಟರು "ನೀವೊಂದ್ ಹತ್ತು ನಿಮಿಷ ಹೊರಗ ಕೂಡ್ರಿ" ಎಂದರೆ ಸಿಟ್ಟಾಗಬೇಡಿ. ಅವರು ಅನ್ನದಿದ್ದರೆ ನೀವೇ ಕೇಳಿ. ಎದ್ದು ಹೊರಗೆ ಬನ್ನಿ, ಬರುವಾಗ ಬಾಗಿಲು ಮುಂದಕ್ಕೆ ಎಳೆದುಕೊಂಡು ಬನ್ನಿ.